ಬರಗಾಲದ ನೆರವಿನಲ್ಲಿ ಕಸುಬುದಾರರಿಗೂ ಪಾಲಿರಲಿ

ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಮಳೆ ಕೈಕೊಟ್ಟರೆ ರೈತನ ಹೊಲವಷ್ಟೇ ಅಲ್ಲ, ಟೇಲರ್ ಮಷಿನ್ನೂ ನಿಲ್ಲುತ್ತದೆ. ಹಬ್ಬಕ್ಕೆ ಬಟ್ಟೆ ಹೊಲಿಸುವವರೇ ಇರುವುದಿಲ್ಲ. 2020ರ ಪಿಎಂ ಸ್ವನಿಧಿ ಯೋಜನೆ ಬೀದಿ ವ್ಯಾಪಾರಿಗೆ ಮೊದಲ ಕಂತಿನಲ್ಲಿ 10,000 ರೂಪಾಯಿವರೆಗೆ ಕೊಟ್ಟಿತು, ಆದರೆ ಅದು ಸಾಲ. ಗಿರಾಕಿಯೇ ಇಲ್ಲದಾಗ ತೀರಿಸುವುದು ಎಲ್ಲಿಂದ? 1972ರ ಬರ ಕಂಡ ಮಹಾರಾಷ್ಟ್ರ ಉದ್ಯೋಗ ಖಾತ್ರಿ ಯೋಜನೆ ನಡೆಸಿತು, ಅದರ ಖರ್ಚಿಗೆಂದೇ 1975ರಲ್ಲಿ ವೃತ್ತಿ ತೆರಿಗೆ ಹಾಕಿತು. ಮುಂಬೈ ನೌಕರನ ಸಂಬಳದಿಂದ ಬರದ ಹಳ್ಳಿಗೆ ಕೂಲಿ. ಎಂಥ ದೊಡ್ಡ ವಿಚಾರ! ಆದರೆ ಆ ಯೋಜನೆಯಲ್ಲಿ ಸಿಗುವುದು ಹೆಚ್ಚಾಗಿ ಮಣ್ಣು ಹೊರುವ ಕೆಲಸ; ವಯಸ್ಸಾದ ಟೇಲರ್, ಕ್ಷೌರಿಕರಿಗೆ ಅದು ಆಗದು. ಸ್ವಂತ ದುಡಿಮೆಯವರ ನಷ್ಟ ಅಳೆಯುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಒಬ್ಬೊಬ್ಬರದನ್ನೂ ಅಳೆಯಬೇಕಿಲ್ಲ. ತಾಲೂಕು ಬರಪೀಡಿತ ಎಂದು ಸರ್ಕಾರ ಸಾರಿದ ದಿನದಿಂದಲೇ ಕಸುಬುದಾರರಿಗೆಲ್ಲ ತಿಂಗಳ ನೆರವು ಶುರುವಾಗಲಿ. ನೆರವಿನ ಪಟ್ಟಿಗೆ ಸುಳ್ಳು ಹೆಸರು ಸೇರುವ ಭಯ ನಿಜವೇ. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿದರೆ ಬಹಳಷ್ಟು ಅಲ್ಲೇ ಬಯಲಾಗುತ್ತದೆ.