ಲುವಾಂಗ್ ಪ್ರಬಾಂಗ್‌ನ ಅನ್ನ

ಪರವೂರಿಗೆ ಹೊರಟವನನ್ನು ನಮ್ಮವರು ಕೇಳುವುದು ಎರಡೇ ಪ್ರಶ್ನೆ: ಎಲ್ಲಿ ಇಳಿದುಕೊಳ್ಳುತ್ತೀರಿ, ಊಟಕ್ಕೇನು ಮಾಡುತ್ತೀರಿ? ಅಲ್ಲಿ ನೋಡುವುದೇನಿದೆ ಎಂದು ಕೇಳುವವರು ಕಡಮೆ. ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್‌ಗೆ ಹೋಗಿಬಂದ ಮೇಲೆ, ಕೇಳಬೇಕಾದ ಪ್ರಶ್ನೆಗಳು ಇವೇ ಎಂದು ನನಗೂ ಅನ್ನಿಸಿದೆ. ಕಾರಣ ಮಾತ್ರ ಬೇರೆ.

ಮೆಕಾಂಗ್ ಮಹಾನದಿಗೆ ನಾಮ್ ಖಾನ್ ಎಂಬ ಸಣ್ಣ ಹೊಳೆ ಬಂದು ಸೇರುವ ಕಡೆ, ನಾಲಗೆಯಂತೆ ಚಾಚಿದ ನೆಲದ ಮೇಲೆ ಹಳೆಯ ಊರಿದೆ. ಅದನ್ನು ಯುನೆಸ್ಕೊ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2021ರ ಡಿಸೆಂಬರಿನಲ್ಲಿ ರೈಲು ಬಂದ ಮೇಲೆ ರಾಜಧಾನಿ ವಿಯೆಂಟಿಯಾನ್‌ನಿಂದ ಸುಮಾರು ಎರಡು ಗಂಟೆಯ ಹಾದಿ. ಆದರೂ ಊರಿಗೆ ಅವಸರವೆಂಬುದು ಇನ್ನೂ ತಟ್ಟಿಲ್ಲ.

ಇಲ್ಲಿ ಅನ್ನವೆಂದರೆ ಅಂಟಕ್ಕಿಯ ಅನ್ನ. ರಾತ್ರಿ ನೆನೆಸಿದ ಅಕ್ಕಿಯನ್ನು ಬಿದಿರ ಬುಟ್ಟಿಯಲ್ಲಿಟ್ಟು ಹಬೆಯಲ್ಲಿ ಬೇಯಿಸಿ, ಮುಚ್ಚಳವಿರುವ ಪುಟ್ಟ ಬುಟ್ಟಿಯಲ್ಲಿ ತಂದಿಡುತ್ತಾರೆ. ಕೈಯಿಂದ ಮುರಿದು, ಉಂಡೆ ಮಾಡಿ, ಚಟ್ನಿಯಲ್ಲಿ ಅದ್ದಿ ತಿನ್ನಬೇಕು. ಮುದ್ದೆ ತಿಂದು ಬೆಳೆದವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮುದ್ದೆಯನ್ನು ನುಂಗುತ್ತೇವೆ, ಇದನ್ನು ಅಗಿಯಬೇಕು, ಅಷ್ಟೆ. ಹೊಳೆಯ ಪಾಚಿಗೆ ಎಳ್ಳು, ಬೆಳ್ಳುಳ್ಳಿ, ಟೊಮೇಟೊ ಸೇರಿಸಿ ಒಣಗಿಸಿ ಕರಿದ ಖೈಪೆನ್ ನಮ್ಮ ಹಪ್ಪಳದ ದಾಯಾದಿ. ಸಸ್ಯಾಹಾರಿಗಳು ಎಚ್ಚರವಾಗಿರಬೇಕಾದದ್ದು ಪಾಡೇಕ್ ಎಂಬ ಹುದುಗಿಸಿದ ಮೀನಿನ ರಸದ ವಿಷಯದಲ್ಲಿ. ನೋಡಲು ಬರಿಯ ಪರಂಗಿಕಾಯಿಯ ಕೋಸಂಬರಿಯಂತಿದ್ದರೂ ಅದರೊಳಗೆ ಪಾಡೇಕ್ ಅಡಗಿರುತ್ತದೆ. 'ಬೊ ಸಾಯ್ ಪಾಡೇಕ್', ಅಂದರೆ ಪಾಡೇಕ್ ಹಾಕಬೇಡಿ, ಎಂಬ ಮೂರು ಮಾತು ಕಲಿತು ಹೋದರೆ ಒಳ್ಳೆಯದು. ಫ್ರೆಂಚರು ಬಿಟ್ಟುಹೋದ ಉದ್ದನೆಯ ರೊಟ್ಟಿಯಂತೂ ಬೀದಿಬೀದಿಯಲ್ಲಿ ಸಿಕ್ಕುತ್ತದೆ.

ಇನ್ನು ವಸತಿ. ಎರಡು ಹೊಳೆಗಳ ನಡುವೆಯೇ ಇಳಿಯಬೇಕೆಂದು ಎಲ್ಲರಿಗೂ ಆಸೆ. 1560ರ ಸುಮಾರಿನ ಷಿಯಾಂಗ್ ಥೋಂಗ್ ವಿಹಾರ ಅಲ್ಲಿದೆ. ಕೆಳಗೆ ಗಾರೆ, ಮೇಲೆ ಮರದ ಅಂದವಾದ ಮನೆಗಳೂ ಅಲ್ಲಿವೆ. ಆ ಮನೆಗಳಲ್ಲಿ ಎಷ್ಟೋ ಈಗ ವಸತಿಗೃಹಗಳಾಗಿವೆ. ಒಳ್ಳೆಯ ಬಾಡಿಗೆ ಬಂದಿತೆಂದು ಮನೆಯವರು ಊರಾಚೆ ಹೋಗಿದ್ದಾರೆ. ಅವರನ್ನು ದೂರುವುದು ಹೇಗೆ? ಬೆಂಗಳೂರಿನ ಬಸವನಗುಡಿಯಲ್ಲಿ ನಾವು ಮಾಡಿದ್ದೂ ಅದನ್ನೇ ಅಲ್ಲವೆ?

ಆದರೆ ಅಲ್ಲಿ ತೊಂದರೆ ಬೇರೆ. ನಸುಕಿನಲ್ಲಿ ಭಿಕ್ಷುಗಳು ಬರಿಗಾಲಿನಲ್ಲಿ ಸಾಲಾಗಿ ಹೊರಡುತ್ತಾರೆ. ಮನೆಗಳ ಮುಂದೆ ಹೆಂಗಸರು ಮಂಡಿಯೂರಿ ಕುಳಿತು ಒಬ್ಬೊಬ್ಬರ ಪಾತ್ರೆಗೂ ಚಿಟಿಕೆ ಅನ್ನ ಹಾಕುತ್ತಾರೆ. ಮಾತಿಲ್ಲ, ವಂದನೆಯಿಲ್ಲ. ಸಾಲಿನಲ್ಲಿರುವವರಲ್ಲಿ ಬಹಳ ಮಂದಿ ಬಡ ಹಳ್ಳಿಗಳಿಂದ ಓದಲೆಂದು ಬಂದ ಹುಡುಗರು. ನೋಡಿದೊಡನೆ ನನಗೆ ನೆನಪಾದದ್ದು ನಮ್ಮ ವಾರಾನ್ನ. ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ ನಮ್ಮ ತಾತನ ಕಾಲದವರು ಯಾವ ಮನೆಯ ಯಾವ ತಾಯಿ ಎರಡು ಸೌಟು ಹೆಚ್ಚು ಸಾರು ಬಡಿಸಿದರೆಂಬುದನ್ನು ಕೊನೆಯವರೆಗೂ ಹೇಳುತ್ತಿದ್ದರು. ವಾರಾನ್ನಕ್ಕೆ ಮೊದಲು ಬೇಕಾದದ್ದು ಮನೆ. ಮನೆಯೆಲ್ಲ ವಸತಿಗೃಹವಾದರೆ ನಸುಕಿನಲ್ಲಿ ಎದ್ದು ಅನ್ನ ಮಾಡುವವರು ಯಾರು? ಆ ಜಾಗದಲ್ಲಿ ಈಗ ಪ್ರವಾಸಿಗಳು ಕೂರುತ್ತಾರೆ, ಬೀದಿಯಲ್ಲಿ ಮಾರುವ ಅನ್ನವನ್ನು ಕೊಂಡು. ಕೆಲವರು ಹುಡುಗರ ಮುಖಕ್ಕೇ ಕ್ಯಾಮರಾ ಹಿಡಿಯುತ್ತಾರೆ. ದೂರ ನಿಲ್ಲಿ ಎಂದು ಫಲಕ ಬರೆದು ಹಾಕಬೇಕಾಗಿ ಬಂದಿದೆ.

ಆದ್ದರಿಂದ ಅಲ್ಲಿಗೆ ಹೋಗುವವರು ಕೋಣೆ ಹಿಡಿಯುವ ಮುನ್ನ ಒಂದು ಮಾತು ಕೇಳಲಿ: ಈ ಮನೆಯಲ್ಲಿ ಮನೆಯವರು ಇದ್ದಾರೆಯೆ? ನಾವು ಹೊಳೆಯಾಚೆ ಅಂಥದೊಂದು ಮನೆಯಲ್ಲಿ ಇಳಿದೆವು. ಬೇಸಗೆಯಲ್ಲಿ ನಾಮ್ ಖಾನ್ ಹೊಳೆಗೆ ಬಿದಿರಿನ ಸೇತುವೆ ಹಾಕುತ್ತಾರೆ. ಮಳೆಗಾಲ ಬಂದರೆ ಅದು ಇರುವುದಿಲ್ಲ, ಮತ್ತೆ ಕಟ್ಟುತ್ತಾರೆ. ಕೋಣೆ ಸಾಧಾರಣ, ಸ್ನಾನದ ನೀರು ತಣ್ಣಗೆ. ಮನೆಯಜ್ಜಿ ಕತ್ತಲಿರುವಾಗಲೇ ಒಲೆ ಹೊತ್ತಿಸಿ, ಹೆಗಲಿಗೆ ವಸ್ತ್ರ ಹಾಕಿಕೊಂಡು ಬಾಗಿಲಿಗೆ ಹೋಗುತ್ತಿದ್ದರು. ಹಿಂತಿರುಗಿ ಬಂದು, ಬುಟ್ಟಿಯ ತಳದಲ್ಲಿ ಉಳಿದ ಅನ್ನವನ್ನು ನಮಗೆ ತಿಂಡಿಗೆ ಇಡುತ್ತಿದ್ದರು, ಜೊತೆಗೆ ಸುಟ್ಟ ಬದನೆಯ ಚಟ್ನಿ.