ಗ್ರಾಸ್ಮಿಯರಿನಲ್ಲಿ ಮೂರು ರಾತ್ರಿ

ಡಿಸೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದೇನೆಂದಾಗ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ನಗದವರೇ ಇಲ್ಲ. "ಬೇಸಗೆಯಲ್ಲಿ ನೋಡಬೇಕಾದ ದೇಶವನ್ನು ಚಳಿಗಾಲದಲ್ಲಿ ನೋಡಲು ಹೋಗುವವರು ಕನ್ನಡ ಮೇಷ್ಟ್ರೇ ಇರಬೇಕು" ಎಂದರು ಇತಿಹಾಸದವರು. ನನಗೂ ಒಳಗೊಳಗೆ ಅದೇ ಸಂದೇಹ. ಆದರೆ ತಮ್ಮನಿಗೆ ರಜ ಸಿಕ್ಕುವುದು ಆಗ ಮಾತ್ರ. ಅವನು ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ವೈದ್ಯ. "ಎಲ್ಲಾದರೂ ಸಣ್ಣ ಊರಿಗೆ ಹೋಗಿ ಮೂರು ದಿನ ಸುಮ್ಮನಿದ್ದು ಬರೋಣ ಅಣ್ಣಯ್ಯ" ಎಂದು ಬರೆದಿದ್ದ. ಬೇಸಗೆಯ ಜನಜಂಗುಳಿ ಇಳಿದ ಮೇಲೆ ಹಳ್ಳಿಯೊಂದಕ್ಕೆ ಹೋಗಿ, ಒಲೆಯ ಮುಂದೆ ಕುಳಿತೆದ್ದು ಬರುವುದು ಅಲ್ಲಿಯ ಜನರಿಗೆ ಇಷ್ಟವಾದ ರೂಢಿಯಂತೆ. ಸುಮ್ಮನಿರುವುದಕ್ಕೂ ಟಿಕೀಟು ಕೊಳ್ಳಬೇಕೆ ಎಂದು ನಾನು ಬೆರಗಾದೆ.

ಊರನ್ನು ಆರಿಸಿದವನು ನಾನು. ಬಿ. ಎಂ. ಶ್ರೀಯವರ 'ಇಂಗ್ಲಿಷ್ ಗೀತಗಳು', ನವೋದಯ, ಕುವೆಂಪು - ಯಾವ ಪಾಠ ಬಂದರೂ ವರ್ಡ್ಸ್‌ವರ್ತನ ಹೆಸರು ಹೇಳದೆ ಗಂಟೆ ಹೊಡೆಸಿಕೊಂಡವನಲ್ಲ ನಾನು. ಅವನ ಊರನ್ನು ಕಾಣದೆಯೇ ಇಪ್ಪತ್ತು ವರ್ಷ ಅದನ್ನು ವರ್ಣಿಸಿದ್ದೆ. ಆದ್ದರಿಂದ ಗ್ರಾಸ್ಮಿಯರ್ ಎಂದೆ. 2023ರ ಡಿಸೆಂಬರಿನಲ್ಲಿ ವಿಂಡರ್ಮಿಯರಿನವರೆಗೆ ರೈಲಿನಲ್ಲಿ ಹೋದೆವು. ಆ ರೈಲುಹಾದಿ ಬೇಡವೆಂದು 1844ರಲ್ಲಿ ವರ್ಡ್ಸ್‌ವರ್ತ್ ಪತ್ರಿಕೆಗೆ ಕಾಗದ ಬರೆದು ಜಗಳವಾಡಿದ್ದ. 1847ರಲ್ಲಿ ರೈಲು ಬಂದೇ ಬಂದಿತು. ಅದು ಬಾರದಿದ್ದರೆ ಅವನ ಭಕ್ತನಾದ ನಾನು ಅಲ್ಲಿಗೆ ಹೇಗೆ ಹೋಗುತ್ತಿದ್ದೆನೋ! ಅಲ್ಲಿಂದ ಮುಂದಕ್ಕೆ ಬಸ್ಸು.

ನನ್ನ ಜೇಬಿನಲ್ಲಿ ಒಂಬತ್ತು ಸ್ಥಳಗಳ ಪಟ್ಟಿಯಿತ್ತು. ತಂಗುವ ಮನೆಗೆ ಹೋಗಿ ಚಹಾ ಕುಡಿದು ಮೊದಲನೆಯದಕ್ಕೆ ಹೊರಡೋಣವೆನ್ನುವಷ್ಟರಲ್ಲಿ ಮನೆಯೊಡತಿ ದೀಪ ಹಚ್ಚಿದಳು. ಗಡಿಯಾರ ನೋಡಿದೆ: ಮೂರೂವರೆ! ಆ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ನಾಲ್ಕಕ್ಕೆ ಸ್ವಲ್ಪ ಮುಂಚೆ. ಸುತ್ತ ಗುಡ್ಡಗಳಿರುವ ಕಣಿವೆಯಾದ್ದರಿಂದ ಕತ್ತಲೆ ಇನ್ನೂ ಮೊದಲೇ ಇಳಿಯುತ್ತದೆ. ಮತ್ತೆ ಬೆಳಕು ಹರಿಯಬೇಕಾದರೆ ಬೆಳಗಿನ ಎಂಟು ಗಂಟೆ ದಾಟಬೇಕು. ಹದಿನಾರು ಗಂಟೆಗಳ ರಾತ್ರಿ! ತಮ್ಮ ಬೂಟು ಬಿಚ್ಚಿ ಒಲೆಯ ಬಳಿಯ ಕುರ್ಚಿಯಲ್ಲಿ ಕುಳಿತವನು ಕುಳಿತಂತೆಯೇ ನಿದ್ದೆ ಹೋದ. ನಾನು ಕಿಟಕಿಗೂ ಕುರ್ಚಿಗೂ ನಡುವೆ, ಪರೀಕ್ಷಾ ಮಂದಿರದ ಮೇಲ್ವಿಚಾರಕನಂತೆ, ಓಡಾಡಿದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. 2021ರ ಮೇ ತಿಂಗಳಲ್ಲಿ ನಮ್ಮ ಅಮ್ಮ ತೀರಿಕೊಂಡಳು. ಕೊರೋನಾದ ದಿನಗಳು, ಅವನು ಬರಲಾಗಲಿಲ್ಲ. ಅಂದು ಫೋನಿನಲ್ಲಿ ನಾನು, "ಊರವರ ತಾಯಂದಿರನ್ನು ಉಳಿಸಲು ನಿನಗೆ ಬಿಡುವಿದೆ" ಎಂದುಬಿಟ್ಟೆ. ಅವನು ಉತ್ತರ ಕೊಡಲಿಲ್ಲ. ಆಮೇಲೆ ತಿಂಗಳಿಗೊಮ್ಮೆ ಕ್ಷೇಮಸಮಾಚಾರ ಆಡಿದ್ದೆವು, ಮಾತಾಡಿರಲಿಲ್ಲ.

ಮರುದಿನ ಮಳೆ. ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮಳೆ ಬೀಳುವ ಸೀಮೆ ಅದು. ನಾವು ಮಲೆನಾಡಿನವರು, ಮಳೆಗೆ ಹೆದರುವವರಲ್ಲ. ಆದರೆ ನಮ್ಮ ಮಳೆ ಹಂಚಿನ ಮೇಲೆ ಗದ್ದಲ ಮಾಡುತ್ತದೆ, ಅಲ್ಲಿಯದು ಯಾರ ನಿದ್ದೆಯನ್ನೂ ಕೆಡಿಸದಂತೆ ಬೀಳುತ್ತದೆ. ಕೊಡೆ ಹಿಡಿದು ಡವ್ ಕಾಟೇಜಿಗೆ ಹೋದೆವು. ವರ್ಡ್ಸ್‌ವರ್ತ್ ತನ್ನ ತಂಗಿ ಡೊರೊತಿಯೊಡನೆ ಅಲ್ಲಿಗೆ ಬಿಡಾರ ಬಂದದ್ದು 1799ರ ಡಿಸೆಂಬರ್ 20ರಂದು. ಅಂದರೆ ಇಂಥ ಚಳಿಯಲ್ಲೇ. ನಾನು ತರಗತಿಯಲ್ಲಿ ಯಾವಾಗಲೂ ಅವನನ್ನು ಹಳದಿ ಡ್ಯಾಫೊಡಿಲ್ ಹೂಗಳ ನಡುವೆ ನಿಲ್ಲಿಸುತ್ತಿದ್ದೆ. ಆ ಹೂಗಳನ್ನು ಅವರು ಕಂಡದ್ದು 1802ರ ಏಪ್ರಿಲಿನಲ್ಲಿ, ಅದೂ ಈ ಊರಿನಲ್ಲಲ್ಲ, ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ. ಈ ಮನೆಯಲ್ಲಿ ಕಂಡದ್ದು ತಣ್ಣನೆಯ ಕಲ್ಲು ಹಾಸಿದ ನೆಲ, ಗಿಡ್ಡ ಮಾಡು, ಮಬ್ಬು ಬೆಳಕು. ಮಹಡಿಯ ಒಂದು ಪುಟ್ಟ ಕೋಣೆಯ ಚಳಿ ತಡೆಯಲೆಂದು ಡೊರೊತಿ ಗೋಡೆಗೆಲ್ಲ ವೃತ್ತಪತ್ರಿಕೆ ಅಂಟಿಸಿದ್ದಳಂತೆ. ಪತ್ರಿಕೆಗೆ ಬರೆಯುವ ನನ್ನಂಥವರು ಇದರಿಂದ ಕುಗ್ಗಬೇಕಾಗಿಲ್ಲ. ಓದಿಸಿಕೊಳ್ಳದಿದ್ದರೂ ಬರಹ ಯಾರನ್ನಾದರೂ ಬೆಚ್ಚಗಿಟ್ಟೀತು.

ಅಲ್ಲಿ ಅವರ ತಮ್ಮ ಜಾನ್‌ನ ಮಾತು ಬಂದಿತು. ಅವನು ಈಸ್ಟ್ ಇಂಡಿಯಾ ಕಂಪೆನಿಯ ಹಡಗಿನವನು. 1800ರಲ್ಲಿ ಹಲವು ತಿಂಗಳು ಈ ಮನೆಯಲ್ಲಿದ್ದು, ಸೆಪ್ಟೆಂಬರ್ ಕೊನೆಯಲ್ಲಿ ಹೊರಟ. ಅಣ್ಣ, ಅಕ್ಕ ಇಬ್ಬರೂ ಗುಡ್ಡದ ಮೇಲಿನ ಕೊಳದವರೆಗೆ ಹೋಗಿ ಕಳುಹಿಸಿ ಬಂದರು. ಮತ್ತೆ ಅವನು ಗ್ರಾಸ್ಮಿಯರಿಗೆ ಬರಲೇ ಇಲ್ಲ. 1805ರ ಫೆಬ್ರವರಿಯಲ್ಲಿ, ಬಂಗಾಳಕ್ಕೂ ಚೀನಕ್ಕೂ ಹೊರಟಿದ್ದ ಅವನ ಹಡಗು 'ಅರ್ಲ್ ಆಫ್ ಅಬರ್ಗವೆನ್ನಿ' ಇಂಗ್ಲೆಂಡಿನ ದಡದ ಬಳಿಯಲ್ಲೇ ಮುಳುಗಿತು. ಕಪ್ತಾನನಾದ ಜಾನ್ ಹಡಗಿನೊಡನೆ ಹೋದ. ಇದನ್ನು ನಾನು ಎಲ್ಲೋ ಓದಿದ್ದೆ. ತರಗತಿಯಲ್ಲಿ ಎಂದೂ ಹೇಳಿರಲಿಲ್ಲ. ಕವಿತೆಯ ಸಂದರ್ಭ ವಿವರಿಸುವಾಗ ತಮ್ಮಂದಿರಿಗೆ ಅಂಕಗಳಿಲ್ಲವಷ್ಟೆ. ನನ್ನ ತಮ್ಮ ಕಿಟಕಿಯ ಬಳಿ ತಿರುಗಿ ನಿಂತಿದ್ದ.

ಆ ಸಂಜೆಯೂ ಮೂರೂವರೆಗೇ ದೀಪ ಹಚ್ಚಿದರು. ಪಟ್ಟಿಯಲ್ಲಿ ಇನ್ನೂ ಎಂಟು ಬಾಕಿ. ಹೋಗಲು ಬೇರೆ ಜಾಗವಿಲ್ಲ, ಕತ್ತಲೆ, ಮಾಡಲು ಕೆಲಸವಿಲ್ಲ. ನಾನೂ ಬೂಟು ಬಿಚ್ಚಿ ಕುಳಿತೆ. ತುಂಬ ಹೊತ್ತಾದ ಮೇಲೆ, ಬೆಂಕಿಯನ್ನೇ ನೋಡುತ್ತ, ಅವನು ಕೇಳಿದ:

"ಅಣ್ಣಯ್ಯ, ಅಮ್ಮ ನನ್ನನ್ನ ಕೇಳಿದಳಾ?"

"ಕೇಳಿದಳು ಕಣೋ. ಊಟ ಮಾಡಿದನಾ ಅಂತ ಕೇಳಿದಳು."

ಆಮೇಲೆ ಆ ಕೊನೆಯ ಹತ್ತು ದಿನಗಳನ್ನು ಮೊದಲಿನಿಂದ ಹೇಳಿದೆ. ನಾನು ಫೋನಿನಲ್ಲಿ ಆಡಿದ ಮಾತನ್ನೂ ಹೇಳಿ, ತಪ್ಪಾಯಿತೆಂದೆ. "ಆ ರಾತ್ರಿ ನನ್ನ ವಾರ್ಡಿನಲ್ಲಿ ಇಬ್ಬರು ಹೋದರು, ನೀನು ಅಂದದ್ದು ಸರಿಯಾಗಿ ಕೇಳಿಸಲೂ ಇಲ್ಲ" ಎಂದ. ಅದು ಸುಳ್ಳೆಂದು ನನಗೆ ಗೊತ್ತು. ಮನೆಯೊಡತಿ ಎರಡು ಸಲ ಬಂದು ಸೌದೆ ಹಾಕಿ, ಸದ್ದಿಲ್ಲದೆ ಹೋದಳು. ಆರು ಗಂಟೆಗೆ ಬೆಳಕಿದ್ದಿದ್ದರೆ ನಾನು ಖಂಡಿತ ಯಾವುದಾದರೂ ಗುಡ್ಡ ಹತ್ತುತ್ತಿದ್ದೆ.

ಮೂರನೆಯ ದಿನ ಅವನು ಹತ್ತು ಗಂಟೆಯವರೆಗೆ ಮಲಗಿದ್ದ, ನಾನು ಎಬ್ಬಿಸಲಿಲ್ಲ. ಮಧ್ಯಾಹ್ನ ಇಗರ್ಜಿಯ ಅಂಗಳಕ್ಕೆ ಹೋದೆವು. ವರ್ಡ್ಸ್‌ವರ್ತ್, ಡೊರೊತಿ ಅಕ್ಕಪಕ್ಕದಲ್ಲೇ ಮಲಗಿದ್ದಾರೆ. ಬಳಿಯಲ್ಲೇ ರಾತೆ ಹೊಳೆ ಹರಿಯುತ್ತದೆ. ಮಗ್ಗುಲಿನ ಪುಟ್ಟ ಅಂಗಡಿಯಲ್ಲಿ 1854ರಿಂದ ಶುಂಠಿ ಹಾಕಿದ ಜಿಂಜರ್‌ಬ್ರೆಡ್ ಮಾರುತ್ತಾರೆ. ಬಾಯಿಗಿಟ್ಟೊಡನೆ ತಮ್ಮ, "ಅಮ್ಮನ ಶುಂಠಿ ಕಷಾಯವನ್ನ ಒಣಗಿಸಿದ ಹಾಗಿದೆ" ಎಂದು ನಕ್ಕ. ಎರಡು ಪೊಟ್ಟಣ ಕೊಂಡೆವು.

ಮರುದಿನ ಹೊರಡಬೇಕಾದ ಬಸ್ಸಿನ ಹೊತ್ತನ್ನು ಬರೆದುಕೊಳ್ಳಲು ಕಾಗದ ಬೇಕಾಯಿತು. ಜೇಬಿನಿಂದ ಪಟ್ಟಿ ತೆಗೆದು, ಅದರ ಹಿಂಬದಿಯಲ್ಲಿ ಬರೆದುಕೊಂಡೆ.