ಶರೀಫಜ್ಜನೂ ಗಿಟಾರೂ

2011ರ ಮಳೆಗಾಲ. ಇಂಗ್ಲೆಂಡಿನಿಂದ ಈಶ್ವರಮಂಗಲಕ್ಕೆ ರಜೆಯಲ್ಲಿ ಬಂದಿದ್ದ ನನ್ನ ತಂಗಿಯ ಮಗ, "ಮಾವ, ಇದನ್ನೊಮ್ಮೆ ಕೇಳಿ" ಎಂದು ಚಾವಡಿಯಲ್ಲಿ ಲ್ಯಾಪ್‌ಟಾಪನ್ನು ಮುಂದಿರಿಸಿದ. ಅಡಿಕೆ ತೋಟದ ಮಳೆಯ ಸದ್ದನ್ನೂ ಮೀರಿ ಗಿಟಾರು, ಡ್ರಮ್ಮುಗಳು ಮೊಳಗಿದವು. ಎದ್ದು ಹೋಗಬೇಕೆಂದಿದ್ದವನು, ಸಾಹಿತ್ಯ ಕಿವಿಗೆ ಬಿದ್ದೊಡನೆ ಅಲ್ಲೇ ಕುಳಿತೆ. ಅದು ಶಿಶುನಾಳ ಶರೀಫರ ಗುಡುಗುಡಿಯ ಪದ! ಮನಸ್ಸನ್ನು ಸಂಚಿಯಾಗಿಯೂ ಮೋಹವನ್ನು ಭಂಗಿಯಾಗಿಯೂ ಕಂಡ ಆ ತತ್ತ್ವಪದವನ್ನು ನಾನು ಎಷ್ಟು ವರ್ಷ ತರಗತಿಯಲ್ಲಿ ವಿವರಿಸಿದ್ದೆನೋ!

ಹಾಡುತ್ತಿದ್ದವರು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಭರತನಾಟ್ಯವನ್ನೂ ಕಲಿತವರು. ವರ್ಷಗಟ್ಟಲೆ ಬಾಗಿಲು ತಟ್ಟಿದ ಮೇಲೆ, 2008ರಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಅವರ ಮೊದಲ ಆಲ್ಬಮ್ಮನ್ನು ಹೊರತಂದರು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಅದರಲ್ಲಿವೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಬಳಿಕ ಅದು ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ತುದಿಗೇರಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆ ಅವರನ್ನು ಅತ್ಯುತ್ತಮ ಹೊಸಬರೆಂದು ಗೌರವಿಸಿತು. ಮೂವತ್ತಾರರ ಹೊಸಬ! ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿದರು. 1889ರಲ್ಲಿ ತೀರಿಕೊಂಡ ಶರೀಫಜ್ಜನ ಪದ, ಲುಂಗಿ-ಗೆಜ್ಜೆ ತೊಟ್ಟ ಈ ಗಾಯಕರ ಆಲ್ಬಮ್ಮಿನೊಡನೆ ಸಮುದ್ರ ದಾಟಿತ್ತು.

ಡ್ರಮ್ಮು ಕೆಲವೆಡೆ ಮಾತನ್ನು ನುಂಗುತ್ತದೆಂಬ ನನ್ನ ತಕರಾರು ಇಂದಿಗೂ ಇದೆ. ಆದರೆ ಸಿ. ಅಶ್ವತ್ಥರು ಶರೀಫರನ್ನು ಮನೆಮನೆಗೆ ತಲುಪಿಸಿದ್ದೂ ಬರಿಯ ಏಕತಾರಿಯಿಂದಲ್ಲವಷ್ಟೆ. ಹಾರ್ಮೋನಿಯಮ್ಮನ್ನು ಒಪ್ಪಿದ ಕಿವಿ ಗಿಟಾರಿಗೇಕೆ ಮುನಿಯಬೇಕು?

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಬಹಳ ಹಿಂದೆ, ಶಾಲೆಯ ಗಾಯನ ಸ್ಪರ್ಧೆಗೆ ಮಕ್ಕಳನ್ನು ಆರಿಸುತ್ತಿದ್ದಾಗ ಒಬ್ಬ ಹುಡುಗ ಇದೇ ಪದವನ್ನು ಡೆಸ್ಕು ಬಡಿಯುತ್ತ, ಹೆಗಲು ಕುಣಿಸುತ್ತ ಹಾಡಿದ್ದ. ಮಕ್ಕಳೆಲ್ಲ ಜೊತೆಗೂಡಿ ಚಪ್ಪಾಳೆ ತಟ್ಟತೊಡಗಿದ್ದರು. "ತತ್ತ್ವಪದವೆಂದರೆ ಸಿನಿಮಾ ಕುಣಿತವಲ್ಲ, ಕುಳಿತುಕೊ" ಎಂದು ಗದರಿಸಿ, ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕಿದೆ. ಎರಡನೆಯ ಚರಣವನ್ನು ಅವನು ಹಾಡಲೇ ಇಲ್ಲ. ಆಮೇಲೆ ನನ್ನ ತರಗತಿಯಲ್ಲಿ ಅವನ ದನಿ ಹಾಜರಿಗೆ ಮಾತ್ರ ಕೇಳಿಸುತ್ತಿತ್ತು. ಅವನು ಕೆಟ್ಟದಾಗಿ ಹಾಡಿರಲಿಲ್ಲ. ತರಗತಿ ಕೈತಪ್ಪುತ್ತದೆಂದು ಹೆದರಿದವನು ನಾನು.

ಅವನೀಗ ಗಲ್ಫಿನಲ್ಲಿದ್ದಾನೆ. ಈ ಪುಟವನ್ನು ಓದುತ್ತಾನೆಂದೂ ಬಲ್ಲೆ. ಹೆಸರು ಹೇಳುವುದಿಲ್ಲ, ಅವನಿಗೆ ತಿಳಿಯುತ್ತದೆ. ಅಂದು ತಪ್ಪಿದ್ದು ನಾನು ಮಗಾ. ಮುಂದಿನ ಸಲ ಊರಿಗೆ ಬಂದಾಗ ನಮ್ಮ ಮನೆಗೆ ಬಾ. ಎರಡನೆಯ ಚರಣದಿಂದ ಹಾಡು. ಚಾವಡಿಯಲ್ಲಿ ಹಳೆಯ ಹಲಸಿನ ಮೇಜೊಂದಿದೆ, ಎಷ್ಟು ಬಡಿದರೂ ಅಲುಗಾಡುವುದಿಲ್ಲ.